ತುಕ್ಕಿನಡಿಯ ಸಂಖ್ಯೆ

ಪ್ರಶ್ನೆ: ಆಲಮಟ್ಟಿ ಹಿನ್ನೀರಿಗೆ ಫೈಬರ್ ದೋಣಿ ಒಯ್ಯಲು ಹಳೆಯ ಟ್ರೇಲರ್ ಕೊಂಡಿದ್ದೇನೆ. ನಂಬರ್ ಪ್ಲೇಟ್ ಇಲ್ಲ, ಚಾಸಿಸ್ ಸಂಖ್ಯೆಯೂ ಕಾಣುತ್ತಿಲ್ಲ. ನೋಂದಣಿ ಹೇಗೆ?
– ಓದುಗ, ನವನಗರ, ಬಾಗಲಕೋಟೆ

ಉತ್ತರ: ಹಣ ಎಣಿಸುವ ಮೊದಲು ಕೇಳಬೇಕಿತ್ತು. ಇರಲಿ, ನಾನೂ ಹೀಗೆಯೇ ಕೈ ಸುಟ್ಟುಕೊಂಡವನು. ಆ ಬಂಡಿಯ ಮೇಲೆ ಈಗ ನಮ್ಮ ಆಡುಗಳಿಗೆ ಮೇವು ಒಣಗುತ್ತಿದೆ.

ಮೊದಲು ಚೌಕಟ್ಟಿನ ಕಬ್ಬಿಣದ ಮೇಲೆ ಕೊರೆದಿರುವ ಚಾಸಿಸ್ ಸಂಖ್ಯೆ ಹುಡುಕಿ. ಎಂಜಿನ್ ಇಲ್ಲದ ಮಾತ್ರಕ್ಕೆ ಟ್ರೇಲರ್ ಕಾನೂನಿನಿಂದ ಹೊರಗಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಅದನ್ನೂ ವಾಹನವೆಂದೇ ಎಣಿಸುತ್ತದೆ. ಎಳೆಯುವ ದಂಡದ ಪಕ್ಕ, ಕೊಂಡಿಯ ಹತ್ತಿರ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗೋಣಿಚೀಲದ ಚೂರಿನಿಂದ ಮೆಲ್ಲಗೆ ತಿಕ್ಕಿ, ಬಿಳಿ ಸೀಮೆಸುಣ್ಣ ಉಜ್ಜಿ, ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿಯಿರಿ. ಗ್ರೈಂಡರ್ ಮಾತ್ರ ಮುಟ್ಟಬೇಡಿ. ತುಕ್ಕಿನ ಜೊತೆ ಅಂಕಿಯೂ ಹೋದೀತು.

ಸಂಖ್ಯೆ ಸಿಕ್ಕರೆ ಹಳೆಯ ಮಾಲೀಕರನ್ನು ಹಿಡಿಯಿರಿ. ಅವರ ಆರ್‌ಸಿ (ನೋಂದಣಿ ಪತ್ರ) ಇದ್ದರೆ ನಮೂನೆ 29 ಮತ್ತು 30ರಲ್ಲಿ ವರ್ಗಾವಣೆ. ಆರ್‌ಸಿ ಕಳೆದಿದ್ದರೆ ಮೊದಲು ಅವರೇ ನಮೂನೆ 26ರಲ್ಲಿ ನಕಲು ಪಡೆಯಲಿ. ಬಂಡಿ ಮಹಾರಾಷ್ಟ್ರದ್ದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರವೂ ಬೇಕು.

ಸಂಖ್ಯೆಯೇ ಸಿಗದಿದ್ದರೆ ಮಾರಾಟದ ರಸೀದಿ, ಬಂಡಿಯ ಫೋಟೊ ಹಿಡಿದು ಸಾರಿಗೆ ಕಚೇರಿಯ ಮೋಟಾರು ವಾಹನ ನಿರೀಕ್ಷಕರನ್ನು ಕಾಣಿ. ಕಳವಿನ ಮಾಲೇ ಎಂದು ಪೊಲೀಸ್ ಠಾಣೆಯಲ್ಲೂ ವಿಚಾರಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ‘ಹೊಸ ಸಂಖ್ಯೆ ಹೊಡೆದುಕೊಡುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ನನಗೂ ಒಬ್ಬ ಹಾಗೆಯೇ ಹೇಳಿದ್ದ, ಚಹಾ ಬೇರೆ ಕುಡಿಸಿದ್ದ.