ಎಚ್‌ಪಿಎಲ್‌ಸಿ ಟ್ರೈನಿಂಗ್‌ಗೆ ದುಡ್ಡು ಕಟ್ಟುವ ಮುಂಚೆ, ಸ್ಯಾಂಪಲ್ ಯಾರು ರೆಡಿ ಮಾಡುತ್ತಾರೆ ಅಂತ ಕೇಳಿ

ನೀವು ಕೇಳಿದ್ದು ಇಷ್ಟು. ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿದಿದೆ, ಮನೆ ಸೋಮವಾರಪೇಟೆ ಕಡೆ, ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಬೇಕು. ಬೆಂಗಳೂರಿನ ಒಂದು ಸಂಸ್ಥೆ ಎಚ್‌ಪಿಎಲ್‌ಸಿ ಮತ್ತು ಜಿಸಿ (ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಮೆಷಿನ್‌ಗಳು) ತರಬೇತಿಗೆ ಐದು ದಿನಕ್ಕೆ 25,000 ರೂಪಾಯಿ ಕೇಳುತ್ತಿದೆ. ಸೇರಬೇಕಾ, ಬೇಡವಾ?

ನಾನು ಕೊಡಗಿನ ನಾಪೋಕ್ಲು ಹತ್ತಿರದವಳು. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕರಿಮೆಣಸು, ಏಲಕ್ಕಿ, ಕಾಫಿಯಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಅಂತ ನೋಡುವುದು ನನ್ನ ದಿನದ ಕೆಲಸ. ಈಗ ನಾಲ್ಕೈದು ವರ್ಷದಿಂದ ಹೊಸಬರಿಗೆ ಕಲಿಸುತ್ತಲೂ ಇದ್ದೇನೆ.

ಆ ಸಂಸ್ಥೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ. "ಐದು ದಿನದಲ್ಲಿ ಎಷ್ಟು ಸ್ಯಾಂಪಲ್ ನಾನೇ ಪುಡಿ ಮಾಡಿ, ತೂಗಿ, ಎಕ್ಸ್‌ಟ್ರಾಕ್ಟ್ ಮಾಡಿ ವಯಲ್‌ಗೆ ತುಂಬುತ್ತೇನೆ?" (ಎಕ್ಸ್‌ಟ್ರಾಕ್ಟ್ ಅಂದರೆ ಬೇಕಾದ ವಸ್ತುವನ್ನು ದ್ರಾವಕಕ್ಕೆ ಇಳಿಸುವುದು, ವಯಲ್ ಅಂದರೆ ಮೆಷಿನ್‌ಗೆ ಇಡುವ ಪುಟ್ಟ ಸೀಸೆ.) ಅವರು "ಸ್ಯಾಂಪಲ್ ಎಲ್ಲಾ ನಾವೇ ರೆಡಿ ಮಾಡಿ ಇಟ್ಟಿರುತ್ತೇವೆ, ನೀವು ಮೆಷಿನ್ ಕಲಿತರೆ ಸಾಕು" ಅಂದರೆ ಹಣ ಕಟ್ಟಬೇಡಿ.

ನಾನು ಕಟ್ಟಿದ್ದೆ. ಹೆಸರು ಬೇಡ. ಇಪ್ಪತ್ತು ಜನಕ್ಕೆ ಒಂದು ಮೆಷಿನ್ ಇತ್ತು. ಒಬ್ಬರು ಮುಂದೆ ಕೂತು ಸಾಫ್ಟ್‌ವೇರ್ ತೋರಿಸಿದರು, ನಾವು ಹಿಂದೆ ನಿಂತು ನೋಟ್ಸ್ ಬರೆದೆವು. ಮೆಥಡ್ ಫೈಲ್ ಹೇಗೆ ಮಾಡುವುದು, ಪೀಕ್ (ಮೆಷಿನ್ ಬಿಡಿಸುವ ಗೆರೆಯ ಉಬ್ಬು) ಹೇಗೆ ಇಂಟಿಗ್ರೇಟ್ ಮಾಡುವುದು, ಅಂದರೆ ಅದರ ವಿಸ್ತೀರ್ಣ ಹೇಗೆ ಅಳೆಯುವುದು, ರಿಪೋರ್ಟ್ ಹೇಗೆ ತೆಗೆಯುವುದು. ಎಲ್ಲಾ ಚೆನ್ನಾಗಿಯೇ ಹೇಳಿದರು. ಆದರೆ ವಯಲ್ ಒಳಗೆ ಇರುವುದು ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನನ್ನ ಕೈಗೆ ಕರಿಮೆಣಸು ಬಂತು. ಉತ್ತರ ಮೊದಲೇ ಗೊತ್ತಿದ್ದ ಸ್ಯಾಂಪಲ್ ಅದು, ಹೊಸಬರ ಕೈ ನೋಡಲು ಕೊಡುವಂಥದ್ದು. ನನಗೆ ಬಂದ ಅಂಕಿ ನಿಜವಾದದ್ದರ ಅರ್ಧಕ್ಕಿಂತ ಕಡಿಮೆ. ಮತ್ತೆ ಮಾಡಿದೆ, ಮತ್ತೆ ಅಷ್ಟೇ. ಎರಡು ವಾರ ಮೆಷಿನ್‌ನಲ್ಲೇ ತಪ್ಪು ಹುಡುಕಿದೆ. ಕಾಲಮ್ (ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಬದಲಿಸಿದೆ, ಸ್ಟಾಂಡರ್ಡ್ (ಹೋಲಿಸಿ ನೋಡಲು ಪ್ರಮಾಣ ಗೊತ್ತಿರುವ ದ್ರಾವಣ) ಹೊಸದಾಗಿ ಮಾಡಿದೆ. ಕೊನೆಗೆ ಸೀನಿಯರ್ ಒಬ್ಬರು ಬಂದು ಕೇಳಿದ್ದು ಒಂದೇ ಮಾತು: "ನೆನೆಸಿದ್ಯಾ?"

ದೋಸೆಗೆ ಅಕ್ಕಿ ನೆನೆಸಿದ್ಯಾ ಅಂತ ಮನೆಯಲ್ಲಿ ಕೇಳುತ್ತಾರಲ್ಲ, ಹಾಗೇ. ನಾನು ನೆನೆಸಿರಲಿಲ್ಲ. ಒಣ ಮೆಣಸಿನ ಪುಡಿಗೆ ನೇರವಾಗಿ ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿದಿದ್ದೆ. ಒಣಗಿದ ಪುಡಿಯ ಒಳಕ್ಕೆ ದ್ರಾವಕ ಸರಿಯಾಗಿ ಇಳಿಯುವುದಿಲ್ಲ. ಮೊದಲು ನೀರು ಹಾಕಿ ಬಿಡಬೇಕು, ಪುಡಿ ಉಬ್ಬಬೇಕು, ಆಮೇಲೆ ದ್ರಾವಕ. ಮರುದಿನ 2 ಗ್ರಾಂ ಪುಡಿಗೆ 10 ಮಿಲಿ ನೀರು ಹಾಕಿ ಅರ್ಧ ಗಂಟೆ ಬಿಟ್ಟೆ. ಅಂಕಿ ಸರಿಯಾಗಿ ಬಂತು. ಮೆಷಿನ್‌ಗೆ ಏನೂ ಆಗಿರಲಿಲ್ಲ.

ನಾವು ಹುಡುಕುವ ಪ್ರಮಾಣ ಎಷ್ಟು ಸಣ್ಣದು ಅಂತ ನೋಡಿ. ನಿರ್ದಿಷ್ಟ ಮಿತಿ ಇಲ್ಲದ ಕೀಟನಾಶಕಕ್ಕೆ ಯುರೋಪಿನವರು ಸಾಮಾನ್ಯವಾಗಿ ಇಡುವ ಮಿತಿ ಒಂದು ಕೆಜಿಗೆ 0.01 ಮಿಲಿಗ್ರಾಂ. 50 ಕೆಜಿಯ ಇಪ್ಪತ್ತು ಚೀಲ ಮೆಣಸಿನಲ್ಲಿ ಒಟ್ಟು 10 ಮಿಲಿಗ್ರಾಂ. ಒಂದು ಚಿಟಿಕೆಗೂ ಕಡಿಮೆ. ಅದನ್ನು ಮೆಣಸಿನ ಎಣ್ಣೆ, ಬಣ್ಣ, ಖಾರ ಕೊಡುವ ಪೈಪರೀನ್ ಎಲ್ಲದರ ನಡುವಿನಿಂದ ಬಿಡಿಸಿ ತರಬೇಕು. ಈ ಬಿಡಿಸುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಷಿನ್ ಹತ್ತಿರ ಹೋಗುವ ಮುಂಚೆಯೇ, ನಿಮ್ಮ ಕೈಯಲ್ಲಿ ಆಗುತ್ತದೆ.

ನೀವು ಮೊದಲು ಕೈಪಳಗಿಸಬೇಕಾದ ವಿಧಾನದ ಹೆಸರು ಕ್ವೆಚರ್ಸ್. 2003ರಲ್ಲಿ ಪ್ರಕಟವಾಯಿತು, ಈಗ ಕೀಟನಾಶಕ ನೋಡುವ ಹೆಚ್ಚಿನ ಲ್ಯಾಬ್‌ಗಳಲ್ಲಿ ಇದೇ ನಡೆಯುತ್ತದೆ. ಮೂಲ ಅಳತೆ ಹೀಗಿದೆ: ಹಣ್ಣು ತರಕಾರಿಯಾದರೆ 10 ಗ್ರಾಂ ಸ್ಯಾಂಪಲ್, 10 ಮಿಲಿ ಅಸಿಟೋನೈಟ್ರೈಲ್, ಒಂದು ನಿಮಿಷ ಜೋರಾಗಿ ಕುಲುಕಬೇಕು. ಆಮೇಲೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ಮತ್ತೆ ಕುಲುಕಿ ಸೆಂಟ್ರಿಫ್ಯೂಜ್‌ಗೆ (ಜೋರಾಗಿ ತಿರುಗಿಸಿ ಪದರ ಬೇರ್ಪಡಿಸುವ ಯಂತ್ರಕ್ಕೆ) ಹಾಕಬೇಕು.

ಓದಲು ಎರಡು ಸಾಲು. ಮಾಡುವಾಗ ಏನಾಗುತ್ತದೆ ಗೊತ್ತಾ? ಮೆಗ್ನೀಸಿಯಂ ಸಲ್ಫೇಟ್ ನೀರು ಹೀರಿದ ಕೂಡಲೇ ಟ್ಯೂಬು ಕೈಯಲ್ಲಿ ಬೆಚ್ಚಗಾಗುತ್ತದೆ. ಕೂಡಲೇ ಕುಲುಕದೆ ಪಕ್ಕದ ಟ್ಯೂಬಿಗೆ ಉಪ್ಪು ಹಾಕುತ್ತಾ ನಿಂತರೆ, ಮೊದಲನೆಯದರ ತಳದಲ್ಲಿ ಬಿಳಿ ಕಲ್ಲು ಕೂತಿರುತ್ತದೆ. ಅದರೊಳಗೆ ಸಿಕ್ಕಿದ ಸ್ಯಾಂಪಲ್ ಹೊರಗೆ ಬರುವುದಿಲ್ಲ. ಹಾಗಾಗಿ ಒಂದಕ್ಕೆ ಹಾಕಿ, ಮುಚ್ಚಿ, ಕುಲುಕಿ, ಆಮೇಲೆ ಇನ್ನೊಂದು. ಬಿಸಿಗೆ ಒಳಗೆ ಒತ್ತಡ ಏರುತ್ತದೆ, ಮುಚ್ಚಳ ಸಡಿಲ ಇದ್ದರೆ ದ್ರಾವಕ ಹೊರಗೆ ಬರುತ್ತದೆ. ಕೈಗವಸು ಹಾಕಿಕೊಳ್ಳಿ, ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡಿ. ಸೆಂಟ್ರಿಫ್ಯೂಜ್‌ನಿಂದ ತೆಗೆದ ಟ್ಯೂಬಿನಲ್ಲಿ ಮೇಲೆ ತಿಳಿಯಾದ ಹಳದಿ ಪದರ, ನಡುವೆ ಪುಡಿಯ ಗಟ್ಟಿ ಪದರ, ಕೆಳಗೆ ನೀರು ಮತ್ತು ಉಪ್ಪು ಬೇರೆ ಬೇರೆಯಾಗಿ ಕಾಣಬೇಕು. ಪದರಗಳು ಸರಿಯಾಗಿ ಬೇರೆಯಾಗದಿದ್ದರೆ ಮುಂದೆ ಹೋಗಬೇಡಿ.

ಇಲ್ಲಿ ನಮ್ಮ ಊರಿನವರಿಗೆ ಬೇಗ ಅರ್ಥವಾಗುವ ಒಂದು ವಿಷಯ ಇದೆ. ಜೂನ್ ಜುಲೈಯಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತದಲ್ವಾ? ಮೆಗ್ನೀಸಿಯಂ ಸಲ್ಫೇಟ್ ಕೂಡ ಹಾಗೇ. ಗಾಳಿಯ ತೇವ ಹೀರಿಕೊಂಡ ಪುಡಿಗೆ ಸ್ಯಾಂಪಲ್‌ನ ನೀರು ಹೀರುವ ಶಕ್ತಿ ಉಳಿದಿರುವುದಿಲ್ಲ. ಮಫಲ್ ಫರ್ನೇಸ್‌ನಲ್ಲಿ 500 ಡಿಗ್ರಿಯಲ್ಲಿ ಐದು ಗಂಟೆ ಕಾಯಿಸಿ, ತೇವ ತಾಗದ ಡೆಸಿಕೇಟರ್‌ನಲ್ಲಿ ಆರಿಸಿ ಮುಚ್ಚಿಡಬೇಕು. ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ದಿನ ಕೊಡುವ ಕೆಲಸ ಇದೇ.

ಇದಾದ ಮೇಲೆ ಶುದ್ಧ ಮಾಡುವ ಹಂತ. ಪಿಎಸ್‌ಎ ಎಂಬ ಪುಡಿ ಕೊಬ್ಬಿನಾಮ್ಲ, ಸಕ್ಕರೆಗಳನ್ನು ಹಿಡಿಯುತ್ತದೆ. ಸಿ18 ಎಂಬ ಇನ್ನೊಂದು ಪುಡಿ ಕೊಬ್ಬನ್ನು ಹಿಡಿಯುತ್ತದೆ. ಏಲಕ್ಕಿಯಂಥ ಹಸಿರು ಸ್ಯಾಂಪಲ್‌ಗೆ ಕಾರ್ಬನ್ ಕಪ್ಪು ಪುಡಿ ಹಾಕಿದರೆ ಬಣ್ಣ ಹೋಗಿ ನೀರಿನ ಹಾಗೆ ಕಾಣುತ್ತದೆ. ನೋಡಲು ತುಂಬಾ ಖುಷಿ. ಆದರೆ ಅದು ಥಯಾಬೆಂಡಜೋಲ್‌ನಂಥ ಚಪ್ಪಟೆ ರಚನೆಯ ಅಣುಗಳನ್ನೂ ಹಿಡಿದುಕೊಂಡು ಬಿಡುತ್ತದೆ. ಸ್ಯಾಂಪಲ್ ಜಾಸ್ತಿ ಸ್ವಚ್ಛ ಕಂಡರೆ ನನಗೆ ಅನುಮಾನ ಶುರುವಾಗುತ್ತದೆ.

ಸರಿಯಾಗಿ ಆಯಿತಾ ಅಂತ ತಿಳಿಯಲು ಇರುವ ದಾರಿ ರಿಕವರಿ. ಕೀಟನಾಶಕ ಇಲ್ಲದ ಮೆಣಸಿಗೆ ಗೊತ್ತಿರುವಷ್ಟು ಕೀಟನಾಶಕ ನೀವೇ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ಎಲ್ಲಾ ಹಂತ ಮಾಡಿ ಎಷ್ಟು ವಾಪಸ್ ಬಂತು ನೋಡುವುದು. ಯುರೋಪಿನ ಮಾರ್ಗಸೂಚಿ ಪ್ರಕಾರ ಸರಾಸರಿ 70ರಿಂದ 120 ಶೇಕಡ ಒಳಗೆ ಬರಬೇಕು, ಮತ್ತೆ ಮತ್ತೆ ಮಾಡಿದಾಗ ಬರುವ ಏರುಪೇರು 20 ಶೇಕಡ ದಾಟಬಾರದು. ತರಬೇತಿಯಲ್ಲಿ ನಿಮ್ಮ ಕೈಯಲ್ಲಿ ಒಂದೇ ಒಂದು ರಿಕವರಿ ಪ್ರಯೋಗ ಪೂರ್ತಿ ಮಾಡಿಸಿದರೂ ಆ ಹಣಕ್ಕೆ ಬೆಲೆ ಇದೆ. ಮಾಡಿಸದಿದ್ದರೆ ಸರ್ಟಿಫಿಕೇಟ್ ಮಾತ್ರ ಸಿಗುತ್ತದೆ.

ಪುಡಿ ಮಾಡುವ ಬಗ್ಗೆಯೂ ಹೇಳಬೇಕು, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಿಕ್ಸಿಯಲ್ಲಿ ಕರಿಮೆಣಸು ತಿರುಗಿಸುತ್ತಾ ಹೋದರೆ ಜಾರ್ ಬಿಸಿಯಾಗಿ ಮನೆಯೆಲ್ಲಾ ಘಮ ಅನ್ನುತ್ತದೆ. ಆ ಘಮ ಜಾರ್ ಬಿಟ್ಟು ಹೋದ ಎಣ್ಣೆ. ಬೇಗ ಆವಿಯಾಗುವ ಕೀಟನಾಶಕವೂ ಅದರ ಜೊತೆಗೇ ಹೋಗಬಹುದು. ಅದಕ್ಕೇ ಡ್ರೈ ಐಸ್ ಅಥವಾ ದ್ರವ ನೈಟ್ರೋಜನ್ ಹಾಕಿ ತಣ್ಣಗೆ ಪುಡಿ ಮಾಡುತ್ತಾರೆ.

ಪುಡಿಗೂ ಮುಂಚೆ ಚೀಲ ಇದೆ. ಕಾಫಿ ಮಾರಲು ಹೋದಾಗ ವ್ಯಾಪಾರಿ ಎಲ್ಲಿಂದ ಸ್ಯಾಂಪಲ್ ತೆಗೆದ ಅಂತ ಅಪ್ಪ ಎಷ್ಟು ಜಗಳ ಆಡುತ್ತಿದ್ದರು! ಮೇಲಿನ ಹಿಡಿ ಒಂದು ಥರ, ತಳದ್ದು ಇನ್ನೊಂದು ಥರ. ಔಟ್‌ಟರ್ನ್ (ಒಣಗಿದ ಕಾಯಿಯಿಂದ ಸಿಗುವ ಬೀಜದ ಪ್ರಮಾಣ) ಬದಲಾದರೆ ರೇಟೇ ಬದಲಾಗುತ್ತದೆ. ಓಕ್ರಟಾಕ್ಸಿನ್ ಎಂಬ ಬೂಷ್ಟಿನ ವಿಷದ ವಿಷಯದಲ್ಲಿ ಇದು ಇನ್ನೂ ಕಷ್ಟ. ಕಣದಲ್ಲಿ ಒಣಗುವಾಗ ಮಳೆ ಬಿದ್ದು ಬೂಷ್ಟು ಹಿಡಿದ ಕೆಲವೇ ಬೀಜಗಳಲ್ಲಿ ಅದು ಇರುತ್ತದೆ, ಪಕ್ಕದ ಬೀಜದಲ್ಲಿ ಇಲ್ಲವೇ ಇಲ್ಲ. ಹುರಿದ ಕಾಫಿಗೆ ಯುರೋಪಿನ ಮಿತಿ ಕೆಜಿಗೆ 3 ಮೈಕ್ರೋಗ್ರಾಂ. ಒಂದು ಹಿಡಿ ತೆಗೆದು ಪರೀಕ್ಷೆ ಮಾಡಿ "ಇಲ್ಲ" ಅಂದರೆ ಆ ಇಲ್ಲಕ್ಕೆ ಅರ್ಥ ಇಲ್ಲ. ಹಲವು ಚೀಲಗಳಿಂದ, ಹಲವು ಆಳದಿಂದ ತೆಗೆದು, ಒಟ್ಟಿಗೆ ಪುಡಿ ಮಾಡಿ, ಚೆನ್ನಾಗಿ ಬೆರೆಸಿ, ಅದರಿಂದ ತೂಗಬೇಕು. ತೋಟದ ಮನೆಯಲ್ಲಿ ಬೆಳೆದವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಇಂಟರ್‌ವ್ಯೂನಲ್ಲಿ ಇದನ್ನು ಧೈರ್ಯವಾಗಿ ಹೇಳಿ.

ಹಾಗಂತ ಮೆಷಿನ್ ಕಲಿಯುವುದು ಬೇಡ ಅನ್ನುತ್ತಿಲ್ಲ. ಕಾಲಮ್ ಹಾಕಿ ತೆಗೆಯುವುದು, ಮೊಬೈಲ್ ಫೇಸ್ (ಕಾಲಮ್ ಮೂಲಕ ಹರಿಸುವ ದ್ರವ) ಸೋಸಿ ಗಾಳಿ ತೆಗೆಯುವುದು, ಒತ್ತಡ ಏರಿದರೆ ಎಲ್ಲಿ ಕಟ್ಟಿಕೊಂಡಿದೆ ಅಂತ ಒಂದೊಂದೇ ಜೋಡಣೆ ಬಿಚ್ಚಿ ಹುಡುಕುವುದು, ಇವೆಲ್ಲಾ ಬೇಕೇ ಬೇಕು. ಫಾಸ್ಫೇಟ್ ಬಫರ್ (ಒಂದು ಬಗೆಯ ಉಪ್ಪಿನ ದ್ರಾವಣ) ಓಡಿಸಿದ ಮೇಲೆ ನೇರವಾಗಿ ಅಸಿಟೋನೈಟ್ರೈಲ್‌ಗೆ ಹೋಗಬೇಡಿ. ಉಪ್ಪು ಕಾಲಮ್ ಒಳಗೇ ಗಟ್ಟಿಯಾಗುತ್ತದೆ. ಮೊದಲು ಬಫರ್ ಇಲ್ಲದ, ನೀರು ಜಾಸ್ತಿ ಇರುವ ಮಿಶ್ರಣದಲ್ಲಿ ತೊಳೆಯಿರಿ. ಒಂದು ಕಾಲಮ್‌ಗೆ ಹತ್ತಾರು ಸಾವಿರ ರೂಪಾಯಿ. ಇನ್ನು ಪೀಕ್‌ನ ಗೆರೆಯನ್ನು ನಿಮಗೆ ಬೇಕಾದ ಅಂಕಿ ಬರುವ ತನಕ ಕೈಯಲ್ಲಿ ಎಳೆಯಬೇಡಿ, ಯಾರು ಹೇಳಿದರೂ. ಅದು ಯಾರೋ ತಿನ್ನುವ ಊಟದ ಲೆಕ್ಕ.

ಎಲ್ಲಿ ಕಲಿಯಬಹುದು? ಮೊದಲು ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ನೋಡಿ. ಅಲ್ಲಿ ಕಡಿಮೆ ಅವಧಿಯ ಕೋರ್ಸುಗಳು ಆಗಾಗ ನಡೆಯುತ್ತವೆ, ಮಡಿಕೇರಿಯಿಂದ 120 ಕಿಲೋಮೀಟರ್ ಅಷ್ಟೇ. ಅವರ ವೆಬ್‌ಸೈಟ್‌ನಲ್ಲಿ ಆ ವರ್ಷದ ಪಟ್ಟಿ ನೋಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲೇ ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ನೇರವಾಗಿ ಹೋಗಿ, ಪ್ರಾಜೆಕ್ಟ್ ಕೆಲಸಕ್ಕೆ ಅವಕಾಶ ಇದೆಯಾ ಅಂತ ಕೇಳಿ. ಮೂರು ತಿಂಗಳು ಸುಮ್ನೆ ಒಬ್ಬ ವಿಜ್ಞಾನಿಯ ಪಕ್ಕ ನಿಂತು ಸ್ಯಾಂಪಲ್ ತೂಗಿದರೂ, ಐದು ದಿನದ ಕೋರ್ಸ್‌ಗಿಂತ ಅದು ಜಾಸ್ತಿ. ಥಿಯರಿಗೆ ದುಡ್ಡು ಕೊಡಲೇಬೇಡಿ. ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳು ಉಚಿತ. ಮೆಷಿನ್ ತಯಾರಿಸುವ ವಾಟರ್ಸ್, ಅಜಿಲೆಂಟ್ ಕಂಪನಿಗಳ ಸೈಟ್‌ನಲ್ಲೂ ಒಳ್ಳೆಯ ಪಾಠಗಳಿವೆ.

ಅಲ್ಲಿಯ ತನಕ ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲೇ ಎರಡು ಕೆಲಸ ಮಾಡಿ. ಒಂದು, ಪಿಪೆಟ್‌ನಲ್ಲಿ 1 ಮಿಲಿ ನೀರು ಹತ್ತು ಸಲ ತೆಗೆದು ತೂಗಿ. 25 ಡಿಗ್ರಿಯಲ್ಲಿ 0.997 ಗ್ರಾಂ ಹತ್ತಿರ ಬರಬೇಕು. ಹತ್ತು ಅಂಕಿಗಳೂ ಒಂದಕ್ಕೊಂದು ಅಂಟಿಕೊಂಡಂತೆ ಬರುವ ತನಕ ಬಿಡಬೇಡಿ. ನನಗೆ ಒಂದು ವಾರ ಹಿಡಿಯಿತು.

ಎರಡನೆಯದು ನಮ್ಮ ಊರಿಗೇ ಹೇಳಿ ಮಾಡಿಸಿದ್ದು. ಮನೆಯ ತೋಟದ ಅರೇಬಿಕಾ ಮತ್ತು ರೋಬಸ್ಟಾ ಬೀಜ ತೆಗೆದುಕೊಳ್ಳಿ. ಎರಡನ್ನೂ ನುಣ್ಣಗೆ ಪುಡಿ ಮಾಡಿ, ಮೆಗ್ನೀಸಿಯಂ ಆಕ್ಸೈಡ್ ಸೇರಿಸಿ ಬಿಸಿ ನೀರಿನಲ್ಲಿ ಕೆಫೀನ್ ಇಳಿಸಿ, ಸೋಸಿ, 0.45 ಮೈಕ್ರಾನ್ ಫಿಲ್ಟರ್ ದಾಟಿಸಿ, ಸಿ18 ಕಾಲಮ್‌ನಲ್ಲಿ 272 ನ್ಯಾನೋಮೀಟರ್ ತರಂಗಾಂತರದಲ್ಲಿ ಓಡಿಸಿ. ಪ್ರತಿಯೊಂದನ್ನೂ ಮೂರು ಸಲ, ಬೇರೆ ಬೇರೆಯಾಗಿ ತೂಗಿ ಮಾಡಿ. ಅರೇಬಿಕಾದಲ್ಲಿ ಸುಮಾರು 1.2 ಶೇಕಡ, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಬರಬೇಕು. ಮೂರೂ ಸಲದ ಅಂಕಿ ಹತ್ತಿರ ಬಂದರೆ, ಆ ಕಾಗದವನ್ನೇ ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಿ. ಬಾರದಿದ್ದರೆ ಏನು ತೂಗಿದಿರಿ, ಎಷ್ಟು ನೀರು, ಎಷ್ಟು ಹೊತ್ತು, ಎಲ್ಲಾ ಈ ಉತ್ತರದ ಕೆಳಗೆ ಬರೆಯಿರಿ. ನಾನು ನೋಡಿ ಹೇಳುತ್ತೇನೆ.