ನಿಮ್ಮ ಲೇಖನ ಶುರುವಾಗುವುದು ಮೂರನೇ ಪುಟದಲ್ಲಿ

ನಮಸ್ಕಾರ. ನೀವು ಕಳಿಸಿದ 'ದೇಹದೊಳಗಿನ ಗಡಿಯಾರ' ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಪ್ರಕೃತಿಯ ವಿಸ್ಮಯ, ಮೊಬೈಲಿನ ಕೆಡುಕು, ಎಲ್ಲ ಸುಮ್ನೆ ಪೀಠಿಕೆ. ಮೂರನೇ ಪುಟದಲ್ಲಿ ಅಘನಾಶಿನಿ ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ನಿಮ್ಮ ಅತ್ತೆ ಬರುತ್ತಾರೆ. ಸಮುದ್ರದ ಇಳಿತ ನಸುಕಿಗೆ ಬಿದ್ದ ದಿನ ಅಲಾರಾಂ ಇಲ್ಲದೆ ಎದ್ದು, ಮೊಣಕಾಲುದ್ದ ನೀರಲ್ಲಿ ನಿಂತು, ಕಣ್ಣಿಗೆ ಕಾಣದ ಚಿಪ್ಪನ್ನು ಕೆಸರಲ್ಲಿ ಬೆರಳಾಡಿಸಿಯೇ ಹುಡುಕುವವರು. ಅಂಥವರನ್ನು ಐದೇ ಸಾಲಿಗೆ ಮುಗಿಸಿ ನೊಬೆಲ್ ಕಡೆ ಓಡಿಬಿಟ್ಟಿರಲ್ಲ, ಯಾಕೆ?

ಆ ನೊಬೆಲ್ ವಿಷಯವೂ ತಪ್ಪಾಗಿದೆ. ದೇಹದ ಗಡಿಯಾರದ ಕೆಲಸಕ್ಕೆ ಬಂದ 2017ರ ಬಹುಮಾನ "ಬ್ರಾಹ್ಮೀ ಮುಹೂರ್ತಕ್ಕೆ ಸಿಕ್ಕ ಮನ್ನಣೆ" ಅಲ್ಲ. ಅದನ್ನು ಪಡೆದ ಹಾಲ್, ರೋಸ್‌ಬಾಶ್, ಯಂಗ್ ಕೆಲಸ ಮಾಡಿದ್ದು ಹಣ್ಣಿನ ನೊಣಗಳ ಮೇಲೆ. ಒಂದು ಜೀನ್ ಮಾಡಿಸುವ ಪ್ರೊಟೀನ್ ರಾತ್ರಿಯಿಡೀ ಜೀವಕೋಶದಲ್ಲಿ ಕೂಡುತ್ತದೆ, ಜಾಸ್ತಿಯಾದಾಗ ಆ ಜೀನನ್ನೇ ತಡೆಯುತ್ತದೆ, ಹಗಲಲ್ಲಿ ಕರಗಿಹೋದ ಮೇಲೆ ಮತ್ತೆ ಮೊದಲಿಂದ. ಈ ಸುತ್ತೇ ಗಡಿಯಾರ. ಇಷ್ಟೇ ಸೊಗಸಾಗಿದೆ, ಮೇಲೊಂದು ಕಿರೀಟ ಬೇಡ.

ಅತ್ತೆಯ ದೇಹದಲ್ಲಿ "ಭರತ-ಇಳಿತದ ಗಡಿಯಾರ" ಇದೆ ಅಂದಿದ್ದೀರಿ. ಬರೆಯಲು ಆಸೆಯಾಗುವ ಮಾತು, ಒಪ್ಪುತ್ತೇನೆ. ಆದರೆ ಅಂಥದ್ದು ಇರುವುದು ದಡದ ಏಡಿಯಂಥ ಪ್ರಾಣಿಗಳಲ್ಲಿ. ನಮ್ಮ ಗಡಿಯಾರ ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲಿದೆ, ಅದು ಮುಖ್ಯವಾಗಿ ಬೆಳಕಿನ ಮಾತು ಕೇಳುತ್ತದೆ. ಅದರ ದಿನವೂ ನೀವು ಬರೆದಂತೆ ಕರಾರುವಾಕ್ಕಾಗಿ 24 ಗಂಟೆಯಲ್ಲ. 1999ರಲ್ಲಿ ಅಮೆರಿಕದಲ್ಲಿ ಅಳೆದಾಗ ಸರಾಸರಿ 24 ಗಂಟೆ 11 ನಿಮಿಷ ಬಂತು. ಇಳಿತವೋ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅತ್ತೆಯ ಮೈ ಒಂದು ಹೊತ್ತು ಹೇಳಿದರೆ ಹೊಳೆ ಇನ್ನೊಂದು ಹೇಳುತ್ತದೆ, ಈ ಜಗ್ಗಾಟವೇ ನಿಮ್ಮ ಲೇಖನ ಅಲ್ವಾ?

ಅದರ ಪಕ್ಕಕ್ಕೆ ನಿದ್ದೆಯ ವಿಜ್ಞಾನಿ ಕ್ಲೈಟ್‌ಮನ್ ಕಥೆ ಇಡಿ. 1938ರಲ್ಲಿ ಅವರೂ ಶಿಷ್ಯ ರಿಚರ್ಡ್‌ಸನ್ನೂ ಅಮೆರಿಕದ ಮ್ಯಾಮತ್ ಗುಹೆಯಲ್ಲಿ 32 ದಿನ ಇದ್ದು, ದಿನಕ್ಕೆ 28 ಗಂಟೆ ಅಂತ ಬದುಕಲು ನೋಡಿದರು. ಹುಡುಗನಿಗೆ ಒಗ್ಗಿತು, ಮೇಷ್ಟ್ರಿಗೆ ಒಗ್ಗಲಿಲ್ಲ. "ಭಾರತದಲ್ಲಿ ಈ ಸಂಶೋಧನೆಯೇ ಇಲ್ಲ" ಅನ್ನುವ ಸಾಲು ಹೊಡೆದುಹಾಕಿ. ಮಧುರೈನಲ್ಲಿ ಎಂ.ಕೆ. ಚಂದ್ರಶೇಖರನ್ ಗುಹೆಯ ಬಾವಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಹಾಗೇ, 1729ರ ಪ್ರಯೋಗದಲ್ಲಿ ಕತ್ತಲಲ್ಲಿಟ್ಟರೂ ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿದ "ಮಿಮೋಸಾ ಎಂಬ ಅಪರೂಪದ ಗಿಡ" ಅಂತ ಬರೆದಿದ್ದೀರಲ್ಲ, ಅದು ನಾಚಿಕೆ ಮುಳ್ಳು ಮಾರಾಯ್ರೆ! ಕುಮಟಾದಿಂದ ಶಿರಸಿಯವರೆಗೆ ರಸ್ತೆಯುದ್ದಕ್ಕೂ ಕಾಲಿಗೆ ಚುಚ್ಚುತ್ತದೆ.

ಮತ್ತೆ ಅತ್ತೆಯ ಹತ್ತಿರ ಹೋಗಿ. ಇಳಿತ ಮಧ್ಯಾಹ್ನಕ್ಕೆ ಬಿದ್ದ ವಾರ ಅವರಿಗೆ ನಿದ್ದೆ ಹೇಗೆ? ಹಿಂದಿನ ರಾತ್ರಿಯೇ ತಿಥಿ ಲೆಕ್ಕ ಹಾಕಿ ಮಲಗುತ್ತಾರಾ? ಮಳೆಗಾಲದಲ್ಲಿ ಹೊಳೆಗೆ ಇಳಿಯದ ದಿನ ಎಷ್ಟಕ್ಕೆ ಏಳುತ್ತಾರೆ? ಕೇಳಿ ಬರೆದುಕೊಂಡು ಬನ್ನಿ. ಸಾವಿರ ಪದ ಮೀರಬೇಡಿ, ಅವರ ಮಾತನ್ನು ಮಾತ್ರ ತಿದ್ದಬೇಡಿ.