512 ಜಿಬಿ ಇದ್ದರೂ ಕಂಪ್ಯೂಟರ್ ತೆವಳುವುದೇಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 512 ಜಿಬಿ ಮೆಮೊರಿ ಇದೆ, ಅದರಲ್ಲಿ 300 ಜಿಬಿ ಖಾಲಿಯೇ ಬಿದ್ದಿದೆ. ಆದರೂ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ಇಟ್ಟುಕೊಂಡು ಒಂದು ಎಕ್ಸೆಲ್ ಫೈಲ್ ತೆರೆದರೆ ಸಾಕು, ಎಲ್ಲವೂ ನಿಂತು ನಿಂತು ಓಡುತ್ತದೆ. ಫೋಟೊಗಳನ್ನೆಲ್ಲ ಅಳಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

ಉತ್ತರ: ಪ್ರಯೋಜನ ಆಗುವುದೂ ಇಲ್ಲ. ನೀವು ಹೇಳುತ್ತಿರುವ 512 ಜಿಬಿ ಸ್ಟೋರೇಜ್, ಅಂದರೆ ಫೈಲುಗಳನ್ನು ಕಾಯಂ ಆಗಿ ಇಡುವ ಎಸ್‌ಎಸ್‌ಡಿ. ಕಂಪ್ಯೂಟರಿನವರು ಮೆಮೊರಿ ಎಂದರೆ ಅದು ಕೆಲಸ ನಡೆಯುವಾಗ ಮಾತ್ರ ದತ್ತಾಂಶ ಇಟ್ಟುಕೊಳ್ಳುವ ರ‍್ಯಾಮ್. ಫೋಟೊ ತುಂಬಿಡುವ ಕಾರ್ಡಿಗೂ 'ಮೆಮೊರಿ ಕಾರ್ಡ್' ಎಂದೇ ಹೆಸರಿಟ್ಟಿರುವುದರಿಂದ ಈ ಗೊಂದಲ ಸದ್ಯಕ್ಕೆ ಹೋಗುವಂಥದ್ದಲ್ಲ.

ಒಂದು ಪತ್ರ ಟೈಪ್ ಮಾಡುತ್ತಿದ್ದೀರಿ ಎನ್ನಿ. ನೀವು ಒತ್ತಿದ ಅಕ್ಷರಗಳು ಮೊದಲು ಕೂರುವುದು ರ‍್ಯಾಮ್‌ನಲ್ಲಿ. ಕಂಟ್ರೋಲ್ ಎಸ್ ಒತ್ತಿದಾಗ ಅದರ ಪ್ರತಿ ಎಸ್‌ಎಸ್‌ಡಿಗೆ ಹೋಗುತ್ತದೆ. ಸೇವ್ ಮಾಡುವ ಮುಂಚೆ ಕರೆಂಟ್ ಹೋದರೆ ಪತ್ರವೂ ಹೋಯಿತು. ರ‍್ಯಾಮ್‌ನ ಪ್ರತಿ ಬಿಟ್ಟೂ ಒಂದು ಪುಟಾಣಿ ಕೆಪಾಸಿಟರ್‌ನ ಚಾರ್ಜ್ ಆಗಿ ಇರುತ್ತದೆ. ಅದು ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ವಿದ್ಯುತ್ ಇಲ್ಲದಿದ್ದರೆ ತುಂಬುವವರಾರು?

ರ‍್ಯಾಮ್ ಸಾಲದಾದಾಗ ವಿಂಡೋಸ್ ಸುಮ್ಮನೆ ಕೂರುವುದಿಲ್ಲ. ಸದ್ಯ ಬೇಡವಾದ ಭಾಗಗಳನ್ನು ಸಿ ಡ್ರೈವಿನ ಪೇಜ್ ಫೈಲ್‌ಗೆ ಸರಿಸುತ್ತದೆ, ಬೇಕಾದಾಗ ಮರಳಿ ತರುತ್ತದೆ. ರ‍್ಯಾಮ್ ಉತ್ತರ ಕೊಡಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಒಳ್ಳೆಯ ಎಸ್‌ಎಸ್‌ಡಿಗೂ ಹತ್ತಾರು ಮೈಕ್ರೊಸೆಕೆಂಡ್ ಬೇಕು, ಅಂದರೆ ನೂರಾರು ಪಟ್ಟು ಹೆಚ್ಚು. ನಿಮಗೆ ಕಾಣುವ ತೆವಳಾಟ ಈ ಓಡಾಟದ್ದು.

ಖಚಿತಪಡಿಸಿಕೊಳ್ಳಲು ಎಂದಿನ ಕೆಲಸ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಬಳಕೆ ಸದಾ 85–90 ಶೇಕಡಾ ದಾಟಿದ್ದರೆ ರ‍್ಯಾಮ್ ಕಡಿಮೆಯೇ. 'ಕ್ಯಾಶ್ಡ್' ಎಂಬ ಅಂಕಿ ದೊಡ್ಡದಿದ್ದರೆ ಗಾಬರಿ ಬೇಡ, ಬೇಕೆಂದಾಗ ಬಿಟ್ಟುಕೊಡುವ ಜಾಗ ಅದು. ಮೆಮೊರಿ ಅರ್ಧವೂ ತುಂಬದೆ ಡಿಸ್ಕ್ ಮಾತ್ರ 100 ಶೇಕಡಾ ತೋರಿಸುತ್ತಿದ್ದರೆ ರ‍್ಯಾಮ್ ಹಾಕಿಸಿ ಹಣ ಕಳೆಯಬೇಡಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ತೊಂದರೆ ಹೆಚ್ಚಾಗಿ ಅಲ್ಲಿರುತ್ತದೆ.

ಪ್ರಶ್ನೆ: ಇನ್ನೊಂದು 8 ಜಿಬಿ ಸೇರಿಸಬೇಕೆಂದಿದ್ದೇನೆ. ಈಗಿರುವ ರ‍್ಯಾಮ್ ಮೇಲೆ '8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ-ಎಸ್' ಎಂದಿದೆ. ಏನಿದರ ಅರ್ಥ?

ಉತ್ತರ: ಬೇಕಾದದ್ದೆಲ್ಲ ಆ ಚೀಟಿಯಲ್ಲೇ ಇದೆ. 'ಪಿಸಿ4' ಎಂದರೆ ಡಿಡಿಆರ್4, ಅಂದರೆ ಡಿಡಿಆರ್ ಬಗೆಯ ರ‍್ಯಾಮ್‌ನ ನಾಲ್ಕನೇ ಪೀಳಿಗೆ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ದಂಡ. ಲ್ಯಾಪ್‌ಟಾಪ್‌ನ ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262 ಪಿನ್. ಅಂಚಿನ ಕಚ್ಚಿನ ಜಾಗವೂ ಬೇರೆ, ಒಂದು ಇನ್ನೊಂದರಲ್ಲಿ ಕೂರುವುದೇ ಇಲ್ಲ. ಬಲವಂತ ಮಾಡಿದರೆ ಮುರಿಯುವುದು ಸ್ಲಾಟು.

'3200' ಎಂದರೆ ಸೆಕೆಂಡಿಗೆ 320 ಕೋಟಿ ಸಲ ದತ್ತಾಂಶ ಸಾಗಿಸುವ ವೇಗ. ಮೆಗಾಹರ್ಟ್ಸ್ ಎಂದು ಕರೆಯುವುದು ರೂಢಿಯಾದರೂ ನಿಜವಾದ ಕ್ಲಾಕ್ 1600 ಮಾತ್ರ. ಒಂದೊಂದು ಏರಿಳಿತಕ್ಕೆ ಎರಡು ಸಲ ಸಾಗಿಸುವುದರಿಂದಲೇ 'ಡಬಲ್ ಡೇಟಾ ರೇಟ್'. ಸಲಕ್ಕೆ 8 ಬೈಟ್, ಅಂದರೆ 64 ಬಿಟ್, ಹಾಗಾಗಿ ಸೆಕೆಂಡಿಗೆ 25.6 ಜಿಬಿ. ಕೊನೆಯ 'ಎಸ್' ಲ್ಯಾಪ್‌ಟಾಪಿನ ಚಿಕ್ಕ ಅಳತೆ, ಅಂದರೆ ಸೊಡಿಮ್. '1ಆರ್‌ಎಕ್ಸ್8' ಎಂದರೆ ಒಂದೇ ರ‍್ಯಾಂಕ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದೇ ಗುಂಪು, ಪ್ರತಿ ಚಿಪ್ 8 ಬಿಟ್ ಅಗಲ. 64 ಬಿಟ್ ಆಗಬೇಕಾದರೆ ಎಂಟು ಚಿಪ್; ಎಣಿಸಿ ನೋಡಿ, ಎಂಟೇ ಇರುತ್ತವೆ.

ಹೊಸದೂ ಡಿಡಿಆರ್4 ಸೊಡಿಮ್, 3200 ಇರಲಿ. 2666 ತಂದರೆ ಸಾಮಾನ್ಯವಾಗಿ ಎರಡೂ 2666ಕ್ಕೆ ಇಳಿದು ಓಡುತ್ತವೆ. ಅಷ್ಟೇ 8 ಜಿಬಿಯದನ್ನು ಹಾಕಿದರೆ ಎರಡರಿಂದಲೂ ಏಕಕಾಲಕ್ಕೆ ದತ್ತಾಂಶ ಸಾಗಿಸುವ ಡ್ಯುಯಲ್ ಚಾನೆಲ್‌ನ ಲಾಭವೂ ಸಿಗುತ್ತದೆ. ಬೇರೆ ಕಂಪನಿಯದಾದರೂ ಹೆಚ್ಚಿನ ಸಲ ಹೊಂದಿಕೊಳ್ಳುತ್ತದೆ. ಆದರೆ ಕೊಳ್ಳುವ ಮೊದಲು ಖಾಲಿ ಸ್ಲಾಟ್ ಇದೆಯೇ ಎಂದು ನೋಡಿ. ಮಾದರಿಯ ವಿವರದಲ್ಲಿ 'ಎಲ್‌ಪಿಡಿಡಿಆರ್' ಎಂದು ಕಂಡರೆ ಅದು ಬಹುತೇಕ ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದು, ಸೇರಿಸುವ ಮಾತೇ ಇಲ್ಲ.

ಪ್ರಶ್ನೆ: 512 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 476 ಎಂದು ತೋರಿಸುತ್ತದೆ. ಮೋಸವೇ?

ಉತ್ತರ: ಅಲ್ಲ. ತಯಾರಕರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್, ವಿಂಡೋಸ್‌ಗೆ 107,37,41,824. ಭಾಗಿಸಿದರೆ 476 ಚಿಲ್ಲರೆ. ಇದೇ ಲೆಕ್ಕದಲ್ಲಿ 1 ಟಿಬಿ 931 ಆಗುತ್ತದೆ.

ಪ್ರಶ್ನೆ: ಹೊಸ ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಇದೆ. ರ‍್ಯಾಮ್ ಕೆಟ್ಟಿದೆಯೇ?

ಉತ್ತರ: ಮೊದಲ ಅನುಮಾನ ಕೂರಿಸಿದ ರೀತಿಯ ಮೇಲೆ ಬರಬೇಕು. ಚಾರ್ಜರ್ ತೆಗೆದು, ಸಾಧ್ಯವಿದ್ದರೆ ಬ್ಯಾಟರಿ ಕನೆಕ್ಟರನ್ನೂ ಬಿಡಿಸಿ, ಯಾವುದಾದರೂ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಕಚ್ಚು ಹೊಂದಿಸಿ, ಸುಮಾರು 30 ಡಿಗ್ರಿ ಓರೆಯಾಗಿ ಒಳಗೆ ತಳ್ಳಿ. ಬಂಗಾರ ಬಣ್ಣದ ಪಟ್ಟಿ ಢಾಳಾಗಿ ಕಾಣುತ್ತಿದ್ದರೆ ಇನ್ನೂ ಪೂರ್ತಿ ಕೂತಿಲ್ಲ. ಕೂತ ಮೇಲೆ ಕೆಳಕ್ಕೆ ಒತ್ತಿ, ಎರಡೂ ಬದಿಯ ಕ್ಲಿಪ್ ಟಕ್ಕೆನ್ನಬೇಕು. ಪಿನ್‌ಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಹಲವರಿಗಿದೆ. ಬೇಡ: ಲೇಪ ತೀರಾ ತೆಳು, ರಬ್ಬರಿನ ಪುಡಿಯೂ ಸ್ಲಾಟಿಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ.

ಡಿಡಿಆರ್5 ಆಗಿದ್ದರೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯೇ ಇರಬಹುದು. ಯಂತ್ರ ಹೊಸ ರ‍್ಯಾಮ್‌ಗೆ ತಕ್ಕ ಸಮಯದ ಲೆಕ್ಕ ಹೊಂದಿಸಿಕೊಳ್ಳುತ್ತಿರುತ್ತದೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಅಷ್ಟಾದರೂ ಬಾರದಿದ್ದರೆ ಒಂದನ್ನೇ ಇಟ್ಟು, ಸ್ಲಾಟ್ ಬದಲಿಸಿ ನೋಡಿ. ಹೊಸದು ಯಾವ ಸ್ಲಾಟಿನಲ್ಲೂ ಏಳದೆ ಹಳೆಯದು ಎರಡರಲ್ಲೂ ಎದ್ದರೆ ಹೊಸದನ್ನು ಹಿಂತಿರುಗಿಸಿ. ಯಂತ್ರ ಎದ್ದು ನಡುನಡುವೆ ನೀಲಿ ಪರದೆ ಬಂದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ. ಅದರಲ್ಲಿ ಒಂದೇ ಒಂದು ದೋಷ ಕಂಡರೂ ರ‍್ಯಾಮ್‌ಗಳನ್ನು ಒಂದೊಂದಾಗಿ ಇಟ್ಟು ಮತ್ತೆ ಓಡಿಸಿ, ದೋಷ ಯಾವುದರ ಜೊತೆ ಹೋಗುತ್ತದೋ ಅದನ್ನು ಬದಲಿಸಿ.